ಟೇಪ್ ಕಿಸೆಯಲ್ಲಿರಲಿ

ಬಹರೈನಿನಲ್ಲಿ ಮರಗೆಲಸಕ್ಕೆ ಒದಗುವ ಮರ ಬೆಳೆಯುವುದಿಲ್ಲ. ಇಲ್ಲಿಯ ಸ್ವಂತ ಮರವೆಂದರೆ ಖರ್ಜೂರ. ಅದರ ಕಾಂಡವೆಲ್ಲ ಒರಟು ನಾರು. ಕೀಸಿದರೆ ನುಣುಪಾಗುವುದಿಲ್ಲ, ಉಳಿ ಇಟ್ಟರೆ ಎಳೆಎಳೆಯಾಗಿ ಎದ್ದು ಬರುತ್ತದೆ. ಹಾಗಾಗಿ ಈ ದ್ವೀಪದ ಹಳೆಯ ಬಾಗಿಲು, ತೊಲೆ, ಹಾಯಿಹಡಗು, ಪೆಟ್ಟಿಗೆಗಳಿಗೆಲ್ಲ ಮರ ಕಡಲು ದಾಟಿಯೇ ಬಂದಿದೆ. ತೇಗ ನಮ್ಮ ಪಶ್ಚಿಮ ಕರಾವಳಿಯಿಂದ, ಛಾವಣಿಯ ಗಳುಗಳು ಪೂರ್ವ ಆಫ್ರಿಕದ ಕಾಂಡ್ಲಾ ಕಾಡುಗಳಿಂದ. ಇಂಥ ಊರಿನಲ್ಲಿ ಕೂತು, ಕೈಗರಗಸದಲ್ಲಿ ಮರ ಕೊಯ್ದು, ಮೊಳೆ ಸ್ಕ್ರೂ ಇಲ್ಲದೆ ಒಂದಕ್ಕೊಂದು ಕೂಡಿಸುವ ಹವ್ಯಾಸ ಹಚ್ಚಿಕೊಂಡಿದ್ದೇನೆ ಎಂದರೆ ನಗುವವರೇ ಹೆಚ್ಚು. "ಸಲ್ಮಾಬಾದಿನ ವರ್ಕ್‌ಶಾಪಿಗೆ ಹೋದ್ರೆ ಒಂದು ಗಂಟೆಯಲ್ಲಿ ಮಾಡಿ ಕೊಡ್ತಾರಲ್ಲ ಮಾರಾಯ್ರೆ" ಎನ್ನುತ್ತಾರೆ. ಮಾಡಿ ಕೊಡುತ್ತಾರೆ, ಸುಳ್ಳಲ್ಲ. ಆದರೆ ನನಗೆ ಬೇಕಾದದ್ದು ಮಾಡಿದ ವಸ್ತುವಲ್ಲ, ಮಾಡುವ ಕೆಲಸ.

ನಾನು ಕುಂದಾಪುರ ಕಡೆಯವನು. ಉದ್ಯೋಗದಲ್ಲಿ ಕ್ವಾಂಟಿಟಿ ಸರ್ವೇಯರ್. ನಕ್ಷೆ ಮುಂದಿಟ್ಟುಕೊಂಡು ಎಷ್ಟು ಕಬ್ಬಿಣ, ಎಷ್ಟು ಕಾಂಕ್ರೀಟು, ಎಷ್ಟು ಬಾಗಿಲು, ಒಟ್ಟು ಎಷ್ಟು ದಿನಾರು ಎಂದು ಲೆಕ್ಕ ಹಾಕುವುದು ನನ್ನ ಹೊಟ್ಟೆಪಾಡು. ವಾಸ ಗುದೈಬಿಯಾದ ಒಂದು ಫ್ಲ್ಯಾಟಿನಲ್ಲಿ. ಮೇಲಿನ ಮನೆಯಲ್ಲಿ ಕೈಕೂಸು, ಕೆಳಗಿನ ಮನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವ ನರ್ಸುಗಳು. ಮೆಷಿನ್ನಿನ ಮಾತೇ ಇಲ್ಲ. ಕೈಗರಗಸ, ಉಳಿ, ಕೀಸುಳಿ ಇವಿಷ್ಟೇ ನೆರೆಹೊರೆಯವರ ನಿದ್ದೆ ಕೆಡಿಸದ ಸಲಕರಣೆಗಳು. ಅವುಗಳ ಜೊತೆ ಕಳೆದ ವರ್ಷಗಳಲ್ಲಿ ಕಲಿತದ್ದು ಹಲವು. ಎಲ್ಲದರ ಬುಡದಲ್ಲಿ ಇರುವುದು ಒಂದೇ. ಒಳ್ಳೆಯ ಜಾಯಿಂಟಿಗೆ ಅಳತೆ ಬೇಕಾಗುವುದು ನಾವು ತಿಳಿದುಕೊಂಡಿರುವುದಕ್ಕಿಂತ ಬಹಳ ಕಡಿಮೆ. ಅಳೆಯುವುದನ್ನೇ ಕಸುಬು ಮಾಡಿಕೊಂಡವನಿಗೆ ಈ ಮಾತು ಸುಲಭವಾಗಿ ಗಂಟಲಲ್ಲಿ ಇಳಿಯುವಂಥದ್ದಲ್ಲ.

ಇಳಿಸಿದವರು ಒಬ್ಬ ಆಚಾರಿ. ಕನ್ನಡ ಸಂಘದ ಕಾರ್ಯಕ್ರಮವೊಂದರಲ್ಲಿ ಪರಿಚಯವಾದವರು, ನಮ್ಮ ಕಡೆಯವರೇ. ಊರಿನಲ್ಲಿ ತಂದೆಯ ಜೊತೆ ದಾರಂದ, ಬಾಗಿಲು, ದೇವರ ಮಂಟಪ ಮಾಡಿಕೊಂಡಿದ್ದವರು ಇಲ್ಲಿ ವರ್ಕ್‌ಶಾಪಿನಲ್ಲಿ ಎಂಡಿಎಫ್ ಹಲಗೆಗೆ ಅಂಚುಪಟ್ಟಿ ಅಂಟಿಸುತ್ತಾರೆ. ಶುಕ್ರವಾರ ರಜೆ ಇದ್ದಾಗ ನಮ್ಮ ಮನೆಗೆ ಬಂದು, ಚಾ ಕುಡಿದು, ನನ್ನ ಕೆಲಸ ನೋಡುತ್ತಿದ್ದರು. ಮೊದಲ ಭೇಟಿಯಲ್ಲೇ ಹೇಳಿದ ಮಾತು: "ಹ್ವಾಯ್, ಆ ಟೇಪ್ ಒಂಚೂರ್ ಕಿಸೆಗ್ ಹಾಕಿ ಕಾಂಬ."

ಮರ ಎಲ್ಲಿ ಸಿಗುತ್ತದೆ

ಕಲಿಯುವವರಿಗೆ ಬೆಲೆಬಾಳುವ ಮರ ಬೇಡ. ಇಲ್ಲಿ ಗೋದಾಮುಗಳ ಹಿಂದೆ, ಕಟ್ಟಡ ಸೈಟುಗಳ ಪಕ್ಕ ಸರಕು ಬಂದ ಪ್ಯಾಲೆಟ್ಟುಗಳು ಬಿದ್ದಿರುತ್ತವೆ. ಹೆಚ್ಚಿನವು ಪೈನ್ ಜಾತಿಯ ಮೆದು ಮರ. ಕೇಳಿದರೆ ಕೊಡುತ್ತಾರೆ. ತರುವ ಮೊದಲು ಅದರ ಬದಿಯಲ್ಲಿ ಸುಟ್ಟು ಒತ್ತಿರುವ ಮುದ್ರೆ ನೋಡಬೇಕು. ದೇಶದಿಂದ ದೇಶಕ್ಕೆ ಹುಳ ಹೋಗದಿರಲೆಂದು ಅಂತರರಾಷ್ಟ್ರೀಯ ನಿಯಮದ ಪ್ರಕಾರ ಈ ಮರಕ್ಕೆ ಉಪಚಾರ ಮಾಡಿರುತ್ತಾರೆ. ಮುದ್ರೆಯಲ್ಲಿ 'ಎಚ್‌ಟಿ' ಎಂದಿದ್ದರೆ ಮರದ ತಿರುಳಿನವರೆಗೂ 56 ಡಿಗ್ರಿ ಸೆಲ್ಸಿಯಸ್ ಶಾಖವನ್ನು ಕನಿಷ್ಠ 30 ನಿಮಿಷ ಕೊಟ್ಟಿದ್ದಾರೆ ಎಂದರ್ಥ. ಅದು ಮನೆಯೊಳಗೆ ತರಬಹುದಾದದ್ದು. 'ಎಂಬಿ' ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷದ ಹೊಗೆ ಹಾಕಿದ್ದು. ಅದನ್ನು ಅಲ್ಲೇ ಬಿಟ್ಟು ಬರುವುದು ಒಳ್ಳೆಯದು.

ಮುಂದಿನ ಹಂತಕ್ಕೆ ಮೆರಾಂಟಿ. ಆಗ್ನೇಯ ಏಷ್ಯಾದ ಈ ಕೆಂಪು ಮರ ಕೊಲ್ಲಿ ದೇಶಗಳ ಬಾಗಿಲು ಚೌಕಟ್ಟುಗಳಿಗೆಲ್ಲ ಬಳಕೆಯಲ್ಲಿದೆ. ವರ್ಕ್‌ಶಾಪುಗಳಲ್ಲಿ ಕೊಯ್ದು ಉಳಿದ ಮೊಳದುದ್ದದ ತುಂಡುಗಳು ಕಸದ ಡಬ್ಬಿಗೆ ಹೋಗುತ್ತವೆ. ಅಂಥವನ್ನು ಆಚಾರಿ ಮಾಲೀಕರನ್ನು ಕೇಳಿ ತಂದುಕೊಡುತ್ತಿದ್ದರು. ತೇಗವನ್ನು ದುಡ್ಡು ಕೊಟ್ಟು ತರಬೇಕು. ತೇಗದ ಮೈಯಲ್ಲಿ ಸಿಲಿಕಾ ಇರುವುದರಿಂದ ಉಳಿಯ ಬಾಯಿ ಬೇಗ ಮೊಂಡಾಗುತ್ತದೆ. ಹೊಸಬರು ಅದಕ್ಕೆ ಕೈ ಹಾಕದಿದ್ದರೆ ದುಡ್ಡೂ ಉಳಿಯುತ್ತದೆ, ಉಳಿಯೂ ಉಳಿಯುತ್ತದೆ.

ಸಾಣೆ ಹಿಡಿಯದೆ ಕೆಲಸವಿಲ್ಲ

ಗಟ್ಟಿ ಮರಕ್ಕೆ ಹರಿತ ಉಳಿ, ಮೆದು ಮರಕ್ಕೆ ಹೇಗಿದ್ದರೂ ನಡೆಯುತ್ತದೆ ಎಂದು ಜನ ತಿಳಿಯುತ್ತಾರೆ. ಆಗುವುದು ತಿರುಗುಮುರುಗು. ತೇಗದ ತುದಿಯನ್ನು ಅಷ್ಟೇನೂ ಹರಿತವಲ್ಲದ ಉಳಿಯಿಂದಲೂ ಹೇಗೋ ಕೀಸಬಹುದು. ಪೈನ್ ಮರದ ಅಡ್ಡ ಕಡಿದ ಮುಖದ ಮೇಲೆ ಅದೇ ಉಳಿ ಇಟ್ಟು ನೂಕಿದರೆ ನಾರು ತುಂಡಾಗದೆ ಜಜ್ಜಿಹೋಗುತ್ತದೆ. ಮುಖ ಬೆಳ್ಳಗೆ, ಪುಡಿಪುಡಿಯಾಗಿ ಕಾಣುತ್ತದೆ. ಸರಿಯಾಗಿ ಸಾಣೆ ಕೊಟ್ಟ ಉಳಿಯಾದರೆ ಅದೇ ಮುಖ ಮೇಣ ಸವರಿದಷ್ಟು ಹೊಳೆಯುತ್ತದೆ, ವರ್ಷದ ಉಂಗುರಗಳನ್ನು ಒಂದೊಂದಾಗಿ ಎಣಿಸಬಹುದು. ಉಳಿಯ ಹರಿತ ನೋಡಲು ಉಗುರು, ಕಾಗದ, ಮುಂಗೈ ಕೂದಲು ಯಾವುದೂ ಬೇಡ. ಪೈನ್ ತುದಿಯೊಂದು ಸಾಕು.

ಸಾಣೆಗೆ ದೊಡ್ಡ ಏರ್ಪಾಡು ಬೇಕಿಲ್ಲ. ದಪ್ಪ ಗಾಜಿನ ತುಂಡಿನ ಮೇಲೆ ನೀರು ತಾಗಿದರೂ ಕೆಡದ ಪಾಲಿಶ್ ಪೇಪರ್ ಅಂಟಿಸಿ, ಮೊದಲು ಉಳಿಯ ಬೆನ್ನನ್ನು ಸಮತಟ್ಟು ಮಾಡಿಕೊಳ್ಳಬೇಕು. ಇಡೀ ಬೆನ್ನಲ್ಲ, ಬಾಯಿಯಿಂದ ಎರಡು ಬೆರಳು ಅಗಲದಷ್ಟು. ಆಮೇಲೆ ಓರೆ ಮುಖವನ್ನು 25 ಡಿಗ್ರಿಯಲ್ಲಿ ತೇಯ್ದು, ಕೊನೆಯ ಕೆಲವು ಎಳೆತಗಳನ್ನು ಮಾತ್ರ 30 ಡಿಗ್ರಿಗೆ ಎತ್ತಿ ಕೊಡಬೇಕು. ಬೆನ್ನಿನ ಕಡೆ ಬೆರಳಾಡಿಸಿದರೆ ಕಬ್ಬಿಣದ ಸಣ್ಣ ಅಂಚೊಂದು ತಡೆಯುತ್ತದೆ. ಅದು ಬಾಯಿಯ ಈ ತುದಿಯಿಂದ ಆ ತುದಿವರೆಗೂ ಒಂದೇ ಸಮ ತಾಗಿದರೆ ಸಾಣೆ ಬಾಯಿಗೆ ಮುಟ್ಟಿದೆ ಎಂದು ಲೆಕ್ಕ. ಅದನ್ನು ಹಳೆ ಬೆಲ್ಟಿನ ಚರ್ಮದ ಮೇಲೆ ಎಳೆದು ತೆಗೆಯುವುದು. ನಾನು ಮರ ಸರಿಯಿಲ್ಲ ಎಂದು ಗೊಣಗಿದಾಗಲೆಲ್ಲ ಆಚಾರಿಯ ಉತ್ತರ ಒಂದೇ: "ಮೊಂಡ್ ಉಳಿ ಹಿಡ್ಕಂಡ್ ಮರಕ್ಕ್ ಬೈದ್ರೆ ಎಂತ ಬಂತ್?"

ಬಹರೈನಿನಲ್ಲಿ ಹರಿತಕ್ಕಿಂತ ದೊಡ್ಡ ತಲೆನೋವು ತುಕ್ಕು. ಸುತ್ತ ಸಮುದ್ರ, ಗಾಳಿಯಲ್ಲಿ ಉಪ್ಪು. ಅದಕ್ಕಿಂತ ಮೋಸದ್ದು ಏಸಿ. ಆಗಸ್ಟ್ ಸಂಜೆ ಏಸಿ ರೂಮಿನಲ್ಲಿ ತಣ್ಣಗಾಗಿದ್ದ ಕೀಸುಳಿಯನ್ನು ಬಾಲ್ಕನಿಗೆ ತಂದಿಟ್ಟು ನೋಡಿ. ಕಣ್ಣೆದುರೇ ಅದರ ತಳ ಮಂಜಾಗುತ್ತದೆ, ನಿಮಿಷದೊಳಗೆ ಹನಿ ಕಟ್ಟುತ್ತದೆ. ಹೊರಗಿನ ಗಾಳಿಯಲ್ಲಿ ಅಷ್ಟು ನೀರಿರುತ್ತದೆ. ಇಪ್ಪತ್ತಮೂರು ಡಿಗ್ರಿಯ ಕಬ್ಬಿಣ ಸಿಕ್ಕಿದರೆ ಅಲ್ಲೇ ಇಳಿಯುತ್ತದೆ. ಒರೆಸದೆ ಬಿಟ್ಟರೆ ಮರುದಿನ ಕಂದು ಚುಕ್ಕೆ. ಹಾಗಾಗಿ ಸಲಕರಣೆಗಳನ್ನು ಕೆಲಸ ಮಾಡುವ ಜಾಗದಲ್ಲೇ ಮುಚ್ಚಿದ ಪೆಟ್ಟಿಗೆಯಲ್ಲಿ ಇಡುವುದು, ಕೆಲಸ ಮುಗಿದ ಮೇಲೆ ಹೊಲಿಗೆ ಮೆಷಿನ್ನಿನ ಎಣ್ಣೆ ಅದ್ದಿದ ಬಟ್ಟೆಯಲ್ಲಿ ಒರೆಸುವುದು ರೂಢಿಯಾಯಿತು. ಹಣೆಯ ಬೆವರು ಕೀಸುಳಿ ಮೇಲೆ ಬಿದ್ದರೂ ಕಥೆ ಅದೇ. ತಲೆಗೊಂದು ಬೈರಾಸು ಕಟ್ಟಿಕೊಳ್ಳುವ ನಮ್ಮೂರ ಪದ್ಧತಿಗೆ ಇಲ್ಲಿ ಎರಡು ಪಟ್ಟು ಅರ್ಥವಿದೆ.

ಮೊದಲ ಪಾಠ: ಕಚ್ಚು

ಎರಡು ಪಟ್ಟಿಗಳು ಅಡ್ಡಡ್ಡ ಸೇರುವ ಕಡೆ ಎರಡರಲ್ಲೂ ಅರ್ಧರ್ಧ ದಪ್ಪ ತೆಗೆದು ಒಂದರೊಳಗೊಂದು ಕೂರಿಸುವುದು ಮರಗೆಲಸದ ಅಕ್ಷರಾಭ್ಯಾಸ. ಇದಕ್ಕಿಂತ ಹಳೆಯ ಜೋಡಣೆ ಬೇರೊಂದಿಲ್ಲವೆಂದು ಕಾಣುತ್ತದೆ. ಆಫ್ರಿಕದ ಜಾಂಬಿಯಾದಲ್ಲಿ ಕಲಾಂಬೊ ಜಲಪಾತದ ಬಳಿ, ಕಲ್ಲಿನ ಆಯುಧದಿಂದ ಕಚ್ಚು ಹಾಕಿ ಒಂದರ ಮೇಲೊಂದು ಕೂರಿಸಿದ ಎರಡು ದಿಮ್ಮಿಗಳು ಸಿಕ್ಕಿವೆ. ಅವು ಸುಮಾರು 4,76,000 ವರ್ಷ ಹಳೆಯವೆಂದು ಸಂಶೋಧಕರು 2023ರಲ್ಲಿ ಪ್ರಕಟಿಸಿದರು. ಅಂದರೆ ನಮ್ಮ ಮನುಷ್ಯ ಜಾತಿ ಹುಟ್ಟುವುದಕ್ಕೂ ಮೊದಲೇ ಯಾರೋ ಒಂದು ಮರವನ್ನು ಇನ್ನೊಂದರ ಮೇಲಿಟ್ಟು, ಎಲ್ಲಿ ತಾಗುತ್ತದೆಂದು ನೋಡಿ, ಅಲ್ಲಿ ಕೊಚ್ಚಿದ್ದಾರೆ. ಅವರ ಹತ್ತಿರ ಟೇಪ್ ಇರಲಿಲ್ಲ.

ಆಚಾರಿ ನನಗೆ ಹೇಳಿಕೊಟ್ಟದ್ದೂ ಅದನ್ನೇ. ನಾನು ಪಟ್ಟಿಯ ಅಗಲ 43 ಮಿ.ಮೀ. ಎಂದು ಅಳೆದು, ಇನ್ನೊಂದರ ಮೇಲೆ 43 ಗುರುತು ಹಾಕಿ ಪೆನ್ಸಿಲಿನಲ್ಲಿ ಗೆರೆ ಎಳೆಯುವವನು. ಅವರು ಮೊದಲ ಗೀಟು ಹಾಕಿ, ಆ ಗೀಟಿಗೆ ಸರಿಯಾಗಿ ಎರಡನೆಯ ಪಟ್ಟಿಯನ್ನೇ ನಿಲ್ಲಿಸಿ, ಅದರ ಇನ್ನೊಂದು ಅಂಚಿಗೆ ಚೂರಿ ತಾಗಿಸಿ ಗೀರಿದರು. "ಮರ ಮರ್‍ದ್ ಮೇಲ್ ಇಡಿ. ಅಳ್ತಿ ಅದೇ ಹೇಳತ್ತ್." ಪಟ್ಟಿ 43 ಇದೆಯೋ, 42.7 ಇದೆಯೋ, ಒಂದು ತುದಿಯಲ್ಲಿ ಹೆಚ್ಚು ಇನ್ನೊಂದರಲ್ಲಿ ಕಡಿಮೆ ಇದೆಯೋ, ಆ ಗೀಟಿಗೆ ಇದರ ಗೊಡವೆಯೇ ಇಲ್ಲ. ಪಟ್ಟಿ ಎಷ್ಟಿದೆಯೋ ಕಚ್ಚು ಅಷ್ಟೇ.

ಪೆನ್ಸಿಲ್ ಬಿಟ್ಟು ಚೂರಿ ಯಾಕೆಂಬುದು ಕೊಯ್ಯಲು ಕೂತಾಗ ತಿಳಿಯುತ್ತದೆ. ಪೆನ್ಸಿಲ್ ಗೆರೆಗೆ ಅರ್ಧ ಮಿ.ಮೀ. ದಪ್ಪವಿರುತ್ತದೆ. ಗೆರೆಯ ಒಳಗೆ ಕೊಯ್ಯಬೇಕೋ ಹೊರಗೋ ನಡುವೆಯೋ ಎಂಬ ಪ್ರಶ್ನೆ ಪ್ರತಿ ಸಲ ಏಳುತ್ತದೆ. ಚೂರಿಯ ಗೀಟಿಗೆ ದಪ್ಪವಿಲ್ಲ; ಜೊತೆಗೆ ಅದು ಮೇಲ್ಮೈಯ ನಾರನ್ನು ಆಗಲೇ ಕತ್ತರಿಸಿರುವುದರಿಂದ ಗರಗಸ ಅಂಚನ್ನು ಸಿಬಿರೆಬ್ಬಿಸುವುದಿಲ್ಲ. ಗೀಟಿನ ಯಾವ ಬದಿ ಬಿಸಾಡುವುದೋ ಆ ಬದಿಯಿಂದ ಉಳಿಯನ್ನು ಮಲಗಿಸಿ ಹಿಡಿದು ತೆಳುವಾದ ಚಕ್ಕೆಯೊಂದನ್ನು ಎಬ್ಬಿಸಿದರೆ ಗೀಟಿನುದ್ದಕ್ಕೂ ಒಂದು ಕಡೆ ನೇರ ಗೋಡೆ, ಇನ್ನೊಂದು ಕಡೆ ಇಳಿಜಾರು. ಗರಗಸ ತಾನಾಗಿ ಹೋಗಿ ಆ ಗೋಡೆಗೆ ಒರಗುತ್ತದೆ. ಬೇಕಾದ ಬದಿ, ಬಿಸಾಡುವ ಬದಿ ಯಾವುದೆಂದು ಕೊಯ್ಯುವ ಮೊದಲೇ ಪೆನ್ಸಿಲಿನಲ್ಲಿ ಕಾಟು ಹೊಡೆದಿಡಬೇಕು. ನನ್ನ ಮನೆಯಲ್ಲಿ ಪೆನ್ಸಿಲಿಗೆ ಉಳಿದಿರುವ ಕೆಲಸ ಅದೊಂದೇ.

ನಾಲಗೆ ಮತ್ತು ತೂತು

ಒಂದು ಮರದ ತುದಿಯಲ್ಲಿ ನಾಲಗೆ, ಇನ್ನೊಂದರ ಮೈಯಲ್ಲಿ ಅದಕ್ಕೆ ಸರಿಯಾದ ತೂತು. ನಮ್ಮೂರಿನ ದಾರಂದ, ಕಿಟಕಿ, ಮಂಚ, ತೊಟ್ಟಿಲು ಎಲ್ಲ ನಿಂತಿರುವುದು ಇದರ ಮೇಲೆ. ನಾಲಗೆಯ ದಪ್ಪ ಮರದ ದಪ್ಪದ ಮೂರರಲ್ಲಿ ಒಂದು ಎಂಬುದು ಪುಸ್ತಕದ ಲೆಕ್ಕ. ನಡೆಯುವ ಲೆಕ್ಕ ಬೇರೆ: ನಿಮ್ಮ ಹತ್ತಿರ ಇರುವ ಉಳಿ ಎಷ್ಟು ಅಗಲವೋ ತೂತು ಅಷ್ಟು ಅಗಲ. 18 ಮಿ.ಮೀ. ಮರಕ್ಕೆ ಕಾಲಿಂಚಿನ ಉಳಿ. ಅದು ನಿಜಕ್ಕೂ 6.35 ಇದೆಯೋ 6.2 ಇದೆಯೋ ನೋಡುವ ಅಗತ್ಯವಿಲ್ಲ. ಉಳಿಯ ಬಾಯಿಗೇ ಗೀಟು ಗೇಜಿನ ಎರಡು ಮುಳ್ಳುಗಳನ್ನು ತಾಗಿಸಿ ಬಿಗಿದು, ಅದೇ ಗೇಜಿನಿಂದ ತೂತಿಗೂ ನಾಲಗೆಗೂ ಗೀಟು ಹಾಕಿದರೆ ಆಯಿತು. ಎರಡಕ್ಕೂ ಮರದ ಒಂದೇ ಮುಖದಿಂದ ಗೇಜ್ ಓಡಿಸುವುದು ಮುಖ್ಯ. ಆ ಮುಖಕ್ಕೆ ಮೊದಲೇ ಗುರುತು ಹಾಕಿಟ್ಟಿರಬೇಕು.

ತೂತು ಹೊಡೆಯುವಾಗ ಕೊಡತಿಯ ಸದ್ದು ಬರುತ್ತದೆ. ನಾನು ನೆಲದ ಮೇಲೆ ದಪ್ಪ ರಬ್ಬರ್ ಹಾಸು ಹಾಕಿ, ತೂತಿನ ಹೆಚ್ಚಿನ ಭಾಗವನ್ನು ಕೈಯಲ್ಲಿ ತಿರುಗಿಸುವ ಡ್ರಿಲ್ಲಿನಿಂದ ಕೊರೆದು ತೆಗೆದು, ಉಳಿದ ಗೋಡೆಯನ್ನಷ್ಟೇ ಉಳಿಯಿಂದ ನೂಕಿ ಸವರುತ್ತೇನೆ. ಮೇಜೂ ಇಲ್ಲ. ಅಗಲವಾದ ಮಣೆಯೊಂದರ ಮೇಲೆ ಕೂತು ಪಾದದಲ್ಲಿ ಮರ ಒತ್ತಿ ಹಿಡಿಯುತ್ತೇನೆ. ಊರಿನ ಆಚಾರಿಗಳು ಕೆಲಸ ಮಾಡುವುದು ಹೀಗೆಯೇ. ಫ್ಲ್ಯಾಟಿನಲ್ಲಿ ಜಾಗವಿಲ್ಲ ಎನ್ನುವವರು ನೆಲದ ಕಡೆ ನೋಡಿರುವುದಿಲ್ಲ. ತೂತು ಆರಪಾರ ಹೋಗುವುದಾದರೆ ಎರಡೂ ಮುಖದಲ್ಲಿ ಗೀಟು ಹಾಕಿ, ಅರ್ಧ ಅಲ್ಲಿಂದ ಅರ್ಧ ಇಲ್ಲಿಂದ ತೆಗೆಯಬೇಕು. ಒಂದೇ ಕಡೆಯಿಂದ ಹೊಡೆದರೆ ಹಿಂದಿನ ಮುಖ ಚಕ್ಕೆ ಎದ್ದುಹೋಗುತ್ತದೆ.

ಈ ಜೋಡಣೆಯಲ್ಲಿ ನನಗೆ ಬಹಳ ಹಿಡಿಸಿದ್ದು ಮರದ ಮೊಳೆಯ ಉಪಾಯ. ತೂತಿರುವ ಮರದಲ್ಲಿ ಮೊಳೆಗೆ ಬೈರಿಗೆ ಹಾಕಿ, ನಾಲಗೆ ತೂರಿಸಿ, ಆ ರಂಧ್ರದ ನಡುವನ್ನು ನಾಲಗೆಯ ಮೇಲೆ ಗುರುತಿಸಿಕೊಂಡು, ನಾಲಗೆಯನ್ನು ಹೊರತೆಗೆದು, ಗುರುತಿಗಿಂತ ಒಂದು ಮಿ.ಮೀ.ನಷ್ಟು ಬುಡದ ಕಡೆಗೆ ಸರಿಸಿ ಕೊರೆಯಬೇಕು. ಮತ್ತೆ ಕೂಡಿಸಿ, ತುದಿ ಚೂಪು ಮಾಡಿದ ಬಿದಿರಿನ ಮೊಳೆ ಹೊಡೆದರೆ ಅದು ವಕ್ರ ದಾರಿಯಲ್ಲಿ ನುಗ್ಗುತ್ತಾ ನಾಲಗೆಯನ್ನು ಒಳಗೆ ಎಳೆಯುತ್ತದೆ. ಸಂದು ಮುಚ್ಚಿಕೊಳ್ಳುತ್ತದೆ. ಅಂಟು ಬೇಡ, ಕ್ಲಾಂಪೂ ಬೇಡ. ಬಹರೈನಿನ ಬೇಸಿಗೆಯಲ್ಲಿ ಬಿಳಿ ಅಂಟು ಹಚ್ಚಿ ನಾಲ್ಕು ಮೂಲೆ ಕೂಡಿಸುವಷ್ಟರಲ್ಲಿ ಮೊದಲ ಮೂಲೆಯದು ಬಿಗಿಯತೊಡಗಿರುತ್ತದೆ. ಅಂಥ ಕಡೆ ಈ ಬಿದಿರ ಮೊಳೆಯ ಬೆಲೆ ತಿಳಿಯುತ್ತದೆ.

ಅಂಟಿಲ್ಲದ ಜೋಡಣೆಯನ್ನು ಮುಂದೊಂದು ದಿನ ಬಿಚ್ಚಲೂಬಹುದು. ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ನೋಡಿದವರಿಗೆ ಇದರ ಅರ್ಥ ಗೊತ್ತು. ಬ್ಯಾಂಕ್ ನೌಕರರಾಗಿದ್ದ ವಿಜಯನಾಥ ಶೆಣೈ ಅವರು ಕೆಡವಲು ಹೊರಟಿದ್ದ ಹಳೆಯ ಮನೆಗಳನ್ನು ಬಿಚ್ಚಿಸಿ, ತುಂಡುಗಳನ್ನು ತಂದು ಅಲ್ಲಿ ಮತ್ತೆ ಎಬ್ಬಿಸಿದರು. ಅಲ್ಲಿರುವ ಕುಂಜೂರು ಚೌಕಿಮನೆಯ ಕಂಬ, ತೊಲೆ, ಬಾಜುಗಳ ನಡುವೆ ನಿಂತು ಜಾಯಿಂಟುಗಳನ್ನು ನೋಡಿ. ಮರದ ಮೊಳೆ ತೆಗೆದರೆ ಬಿಡಿಸಿಕೊಳ್ಳುವ ಕಟ್ಟಡವಾದ್ದರಿಂದಲೇ ಆ ಮನೆಗಳಿಗೆ ಎರಡನೆಯ ಜನ್ಮ ಸಿಕ್ಕಿತು. ನಾನು ಲೆಕ್ಕ ಹಾಕುವ ಇಂದಿನ ಯಾವ ಕಟ್ಟಡಕ್ಕೂ ಆ ಭಾಗ್ಯವಿಲ್ಲ.

ಡವ್‌ಟೇಲ್: ಒಂದು ನೋಡಿ ಇನ್ನೊಂದು

ಪೆಟ್ಟಿಗೆಯ ಮೂಲೆಗೆ ಡವ್‌ಟೇಲ್ ಮಾಡಬೇಕೆಂಬುದು ಎಲ್ಲ ಹೊಸಬರ ಆಸೆ. ಒಂದು ಹಲಗೆಯ ತುದಿಯಲ್ಲಿ ಹೊರಗೆ ಅಗಲವಾಗಿ ಬುಡದಲ್ಲಿ ಕಿರಿದಾಗುವ ಹಲ್ಲುಗಳು. ಇನ್ನೊಂದರಲ್ಲಿ ಅವುಗಳ ನಡುವೆ ಕೂರುವ ಗೂಟಗಳು. ಒಮ್ಮೆ ಕೂತರೆ ಒಂದು ದಿಕ್ಕಿಗೆ ಎಷ್ಟು ಎಳೆದರೂ ಬಿಡುವುದಿಲ್ಲ. ಹಲ್ಲಿನ ಓರೆ ಮೆದು ಮರಕ್ಕೆ ಆರಕ್ಕೆ ಒಂದು, ಗಟ್ಟಿ ಮರಕ್ಕೆ ಎಂಟಕ್ಕೆ ಒಂದು ಎನ್ನುತ್ತಾರೆ. ಇದನ್ನು ಕೇಳಿ ಹೊಸಬರು ಕೋನಮಾಪಕ ಹುಡುಕಿಕೊಂಡು ಹೋಗುತ್ತಾರೆ. ಕೋನ ಸ್ವಲ್ಪ ಆಚೀಚೆಯಾದರೆ ಯಾವ ನಷ್ಟವೂ ಇಲ್ಲ. ಹಲ್ಲುಗಳು ಒಂದರಂತೆ ಒಂದು ಇರಬೇಕೆಂದೂ ಇಲ್ಲ.

ಯಾಕೆಂದರೆ ಕೊಯ್ದ ಹಲ್ಲುಗಳೇ ಗೂಟಗಳಿಗೆ ಅಚ್ಚು. ಹಲ್ಲಿನ ಹಲಗೆಯನ್ನು ಇನ್ನೊಂದರ ತುದಿಯ ಮೇಲೆ ಮಲಗಿಸಿ, ಅಲುಗದಂತೆ ಒತ್ತಿ ಹಿಡಿದು, ಹಲ್ಲಿನ ಅಂಚಿಗುಂಟ ಚೂರಿ ಓಡಿಸಬೇಕು. ಗರಗಸ ಎಲ್ಲಿ ಸ್ವಲ್ಪ ವಾಲಿತ್ತೋ ಗೀಟೂ ಅಲ್ಲಿ ಅಷ್ಟೇ ವಾಲುತ್ತದೆ. ಈ ಒಂದು ಕ್ಷಣದಲ್ಲಿ ಕೈ ನಡುಗದಿದ್ದರೆ ಉಳಿದದ್ದೆಲ್ಲ ಸಲೀಸು. ಬುಡದ ಗೀಟನ್ನೂ ಅಳೆಯುವುದಿಲ್ಲ; ಎದುರು ಹಲಗೆಯ ದಪ್ಪಕ್ಕೇ ಗೇಜ್ ಹಿಡಿದು ಗೀಟು ಹಾಕುವುದು. ಆಮೇಲೆ ಗೂಟದ ಹಲಗೆಯಲ್ಲಿ ಬಿಸಾಡುವ ಬದಿಯಿಂದ ಗೀಟನ್ನು ಮುಟ್ಟಿಯೂ ಮುಟ್ಟದ ಹಾಗೆ ಕೊಯ್ದು, ನಡುವಿನದನ್ನು ಸಣ್ಣ ಬಿಲ್ಲುಗರಗಸದಿಂದ ತೆಗೆದು, ಬುಡವನ್ನು ಎರಡೂ ಮುಖದಿಂದ ಉಳಿಯಲ್ಲಿ ಸವರುವಾಗ ನಡುವೆ ಕೂದಲೆಳೆಯಷ್ಟು ತಗ್ಗು ಬಿಡಬೇಕು. ಹೊರಗೆ ಕಾಣುವುದು ಅಂಚು ಮಾತ್ರ. ನಡುವೆ ಉಬ್ಬಿದ್ದರೆ ಅಂಚು ಕೂಡುವುದೇ ಇಲ್ಲ.

ಪೂರ್ತಿ ಬಡಿದು ಕೂರಿಸುವ ಮೊದಲು ತುದಿಯನ್ನಷ್ಟೇ ಹಾಕಿ ನೋಡುವುದು ಸಹಜ. ಆದರೆ ಹಾಕಿ ತೆಗೆದು, ಹಾಕಿ ತೆಗೆದು ಮಾಡಿದಷ್ಟೂ ಮೆದು ಮರ ಸವೆದು ಸಡಿಲವಾಗುತ್ತದೆ. ಎಲ್ಲಿ ಬಿಗಿಯಾಗಿದೆ ಎಂದು ತಿಳಿಯಲು ಆಚಾರಿ ಗೂಟದ ಬದಿಗೆ ಪೆನ್ಸಿಲ್ ಉಜ್ಜಿ, ಒಮ್ಮೆ ತಾಗಿಸಿ ತೆಗೆಯುತ್ತಿದ್ದರು. ಎಲ್ಲಿ ಕಪ್ಪು ಹೊಳೆಯುತ್ತದೋ ಅಲ್ಲಿ ಒಂದು ತೆಳು ಸಿಪ್ಪೆ ತೆಗೆದರೆ ಮುಗಿಯಿತು. ಎಷ್ಟು ತೆಗೆಯಬೇಕೆಂದು ಕೇಳಿದರೆ ಆ ಹೊಳಪು ಹೋಗುವಷ್ಟು ಎನ್ನುತ್ತಿದ್ದರು. ಸೊನ್ನೆ ಪಾಯಿಂಟ್ ಎರಡು ಮಿ.ಮೀ. ಎಂದು ಹೇಳಿದ್ದರೆ ನನಗೆ ಖುಷಿಯಾಗುತ್ತಿತ್ತೇನೋ, ಕೈಗೆ ಉಪಯೋಗವಾಗುತ್ತಿರಲಿಲ್ಲ.

ಹವೆ ಬದಲಾದರೆ ಅಳತೆಯೂ ಬದಲು

ಟೇಪನ್ನು ನಂಬಬಾರದು ಎನ್ನುವುದಕ್ಕೆ ಬಹರೈನಿನ ಹವೆ ಕೊಡುವಷ್ಟು ಪುರಾವೆ ಬೇರೆ ಯಾರೂ ಕೊಡಲಾರರು. ಗಾಳಿಯ ತೇವಾಂಶ ಶೇ. 40 ಇದ್ದರೆ ಮರದೊಳಗೆ ಅದರ ಒಣ ತೂಕದ ಶೇ. 7-8ರಷ್ಟು ನೀರು ನಿಲ್ಲುತ್ತದೆ, ಶೇ. 80ಕ್ಕೆ ಏರಿದರೆ ಅದು 16ರ ಹತ್ತಿರ ಹೋಗುತ್ತದೆ. ನೀರು ಕುಡಿದ ಮರ ಅಗಲಕ್ಕೆ ಹಿಗ್ಗುತ್ತದೆ, ಬಿಟ್ಟಾಗ ಕುಗ್ಗುತ್ತದೆ. ಉದ್ದಕ್ಕೆ ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಕಡಿಮೆ ಅಲುಗುವ ಮರವೆಂದು ಹೆಸರು ಹೊತ್ತ ತೇಗದಲ್ಲೂ 300 ಮಿ.ಮೀ. ಅಗಲದ ಹಲಗೆ ಇಷ್ಟು ವ್ಯತ್ಯಾಸಕ್ಕೆ 4 ಮಿ.ಮೀ. ಮೇಲೆ ಆಚೀಚೆಯಾಗಬಹುದು. ಜೂನ್‌ನಲ್ಲಿ ವಾಯವ್ಯದಿಂದ ಒಣ ಶಮಾಲ್ ಗಾಳಿ, ಆಗಸ್ಟ್-ಸೆಪ್ಟೆಂಬರಿನಲ್ಲಿ ಉಸಿರುಗಟ್ಟಿಸುವ ಸೆಕೆ, ಒಳಗೆ ವರ್ಷದ ಮುಕ್ಕಾಲು ಪಾಲು ಏಸಿ. ಒಂದೇ ಹಲಗೆ ರೂಮಿನಲ್ಲಿ ಒಂದು ಅಳತೆ, ಬಾಲ್ಕನಿಯಲ್ಲಿ ಇನ್ನೊಂದು.

ಇಲ್ಲಿಯ ಕರಾವಳಿ ಮನೆಗಳಲ್ಲಿ ಊರಿನಿಂದ ತಂದ ಹಲಸಿನ ಮಣೆ, ದೇವರ ಮಂಟಪಗಳು ಬಹಳ. ಮಳೆಗಾಲದ ಉಡುಪಿಯಲ್ಲಿ ಮಾಡಿಸಿ, ಏಸಿ ಮನೆಗೆ ತಂದ ಮಣೆ ಕೆಲವೇ ತಿಂಗಳಲ್ಲಿ ನಡುವೆ ಸೀಳು ಬಿಡುತ್ತದೆ. ಮರದ್ದೇ ದೋಷ ಎನ್ನುತ್ತಾರೆ. ತಿರುಗಿಸಿ ನೋಡಿದರೆ ಕಾರಣ ಅಡಿಯಲ್ಲಿ ಸಿಗುತ್ತದೆ: ಹಲಗೆಯ ಎಳೆಗೆ ಅಡ್ಡವಾಗಿ ಎರಡು ಕಾಲುಗಳನ್ನು ಮೊಳೆ ಹೊಡೆದು ಬಿಗಿದಿರುತ್ತಾರೆ. ಹಲಗೆ ಅಗಲಕ್ಕೆ ಕುಗ್ಗಬೇಕು, ಕಾಲಿನ ಮರ ಉದ್ದಕ್ಕೆ ಕುಗ್ಗುವುದಿಲ್ಲ. ಮೊಳೆ ಬಿಡುವುದಿಲ್ಲ. ಕೊನೆಗೆ ಹಲಗೆಯೇ ಬಾಯಿ ಬಿಡಬೇಕು.

ಇದಕ್ಕೆ ಮದ್ದು ಹಳೆಯದು. ಮಣೆಯ ಅಡಿಯಲ್ಲಿ ಅಡ್ಡಕ್ಕೆ, ಬಾಯಿ ಕಿರಿದು ತಳ ಅಗಲವಾದ ಕಾಲುವೆ ತೆಗೆದು, ಅದೇ ಆಕಾರದ ಪಟ್ಟಿಯನ್ನು ಬದಿಯಿಂದ ತೂರಿಸುವುದು. ಓರೆ ಗೋಡೆ ಕೊಯ್ಯಲು ಒಂದು ಮರದ ತುಂಡಿನ ಅಂಚನ್ನು ಬೇಕಾದ ಓರೆಗೆ ಕೀಸಿಕೊಂಡು, ಅದನ್ನು ಗೀಟಿಗೆ ಕ್ಲಾಂಪ್ ಮಾಡಿ, ಗರಗಸವನ್ನು ಅದಕ್ಕೆ ಒತ್ತಿ ಎಳೆಯುತ್ತಾ ಹೋಗಬೇಕು. ಕಾಲುವೆಯನ್ನು ಒಂದು ತುದಿಯಿಂದ ಇನ್ನೊಂದಕ್ಕೆ ತುಸು ಕಿರಿದಾಗಿಸಿದರೆ ಪಟ್ಟಿ ಮುಕ್ಕಾಲು ದಾರಿ ಸುಲಭವಾಗಿ ಸರಿದು, ಕೊನೆಯಲ್ಲಿ ಕೊಡತಿಯ ಎರಡು ಪೆಟ್ಟಿಗೆ ಬಿಗಿಯಾಗಿ ಕೂರುತ್ತದೆ. ಅಂಟಿಲ್ಲ, ನಡುವೆ ಬೇಕಾದರೆ ಒಂದು ಬಿದಿರ ಮೊಳೆ. ಹಲಗೆ ಆ ಪಟ್ಟಿಯ ಮೇಲೆ ಎರಡೂ ಕಡೆಗೆ ಹಿಗ್ಗಿ ಕುಗ್ಗುತ್ತದೆ, ಬಾಗುವುದು ಮಾತ್ರ ಇಲ್ಲ. ಈ ರೀತಿ ಮಾಡಿದ ಮೆರಾಂಟಿ ಮಣೆಯ ಮೇಲೆ ಕೂತೇ ನಾನು ಕೆಲಸ ಮಾಡುವುದು. ಬೇಸಿಗೆಯ ಕೊನೆಯಲ್ಲಿ ಹಲಗೆಯ ಅಂಚು ಪಟ್ಟಿಯ ತುದಿಯನ್ನು ದಾಟಿ ಬಂದಿರುವುದು ಬೆರಳಿಗೆ ತಾಗುತ್ತದೆ.

ಇದನ್ನು ತಿಳಿದ ಮೇಲೆ ಇಲ್ಲಿಯ ಹಳೆಯ ಊರಾದ ಮುಹರಕ್ ನೋಡುವ ಕಣ್ಣೇ ಬೇರೆಯಾಯಿತು. 2012ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮುತ್ತಿನ ವ್ಯಾಪಾರದ ಹಾದಿಯಲ್ಲಿ ನಡೆದರೆ ಹಳೆಯ ವರ್ತಕರ ಮನೆಗಳ ಬಾಗಿಲುಗಳು ಸಿಗುತ್ತವೆ. ಉದ್ದುದ್ದ ಹಲಗೆಗಳನ್ನು ಪಕ್ಕಪಕ್ಕ ನಿಲ್ಲಿಸಿ, ಅಂಟು ಹಾಕದೆ, ಅಡ್ಡಪಟ್ಟಿಗಳಿಗೆ ದೊಡ್ಡ ತಲೆಯ ಕಬ್ಬಿಣದ ಮೊಳೆ ಹೊಡೆದು ಮಾಡಿದ ಬಾಗಿಲು. ಒಂದೊಂದು ಹಲಗೆಯೂ ತನ್ನಷ್ಟಕ್ಕೆ ಹಿಗ್ಗಿ ಕುಗ್ಗಲು ನಡುವೆ ಸಂದು ಇದೆ. ಕೋಣೆಗಳ ಅಗಲವನ್ನೂ ಮರವೇ ನಿರ್ಧರಿಸಿದೆ: ಕಾಂಡ್ಲಾ ಗಳು ಎಷ್ಟು ಉದ್ದ ಸಿಗುತ್ತಿತ್ತೋ ಕೋಣೆ ಅಷ್ಟೇ, ಮೂರು ಮೀಟರಿನ ಆಸುಪಾಸು. ಇಲ್ಲಿಯ ಹಡಗು ಕಟ್ಟುವವರು, ಅವರನ್ನು ಗಲ್ಲಾಫ್ ಎನ್ನುತ್ತಾರೆ, ನಕ್ಷೆ ಇಲ್ಲದೆ ಕಣ್ಣಂದಾಜಿನಲ್ಲಿ ಹೊರಗಿನ ಹಲಗೆಗಳನ್ನು ಮೊದಲು ಕಟ್ಟಿ, ಆಮೇಲೆ ಒಳಗಿನ ಪಕ್ಕೆಲುಬುಗಳನ್ನು ಆ ಹೊಟ್ಟೆಗೆ ತಕ್ಕಂತೆ ಕಡಿದು ಕೂರಿಸುತ್ತಿದ್ದರು. ಹಲಗೆಗಳ ಸಂದಿಗೆ ಎಣ್ಣೆಯಲ್ಲಿ ನೆನೆಸಿದ ಹತ್ತಿ ತುರುಕಿ ನೀರಿಗೆ ಇಳಿಸಿದರೆ ತೇಗ ನೀರು ಕುಡಿದು ಉಬ್ಬಿ ಸಂದನ್ನು ಮುಚ್ಚಿಬಿಡುತ್ತದೆ. ಮರದ ಹಿಗ್ಗುವಿಕೆ ನನ್ನ ಮಣೆಗೆ ತೊಂದರೆ ಕೊಟ್ಟೀತೆಂದು ನಾನು ದಾರಿ ಮಾಡಿಕೊಟ್ಟೆ. ಅವರು ಅದನ್ನೇ ಕೆಲಸಕ್ಕೆ ಹಚ್ಚಿದ್ದರು.

ಹೊಸಬರಿಗೆ ನಾಲ್ಕು ಮಾತು

ಇಷ್ಟೆಲ್ಲ ಹೇಳಿದ ಮೇಲೂ ಟೇಪ್ ಬಿಸಾಡಿಲ್ಲ. ಮಂಟಪ ಗೋಡೆಯ ಗೂಡಿನಲ್ಲಿ ಹಿಡಿಯಬೇಕು, ಮಣೆಯ ಎತ್ತರ ಮೊಣಕಾಲಿಗೆ ಹಿತವಾಗಬೇಕು ಎಂಬ ಕಡೆ ಅದು ಬೇಕೇ ಬೇಕು. ವಸ್ತುವಿನ ಹೊರ ಅಳತೆಗೆ ಟೇಪ್. ಒಳಗೆ ಮರಕ್ಕೆ ಮರ ಸೇರುವ ಕಡೆಗಳಲ್ಲಿ ಮರ. ಒಂದೇ ಅಳತೆ ನಾಲ್ಕು ಕಡೆ ಬೇಕಾದರೆ ಒಂದು ರೀಪಿನ ಮೇಲೆ ಗೀಟು ಹಾಕಿಟ್ಟುಕೊಂಡು ಅದರಿಂದಲೇ ನಾಲ್ಕಕ್ಕೂ ಎತ್ತುವುದು. ರೀಪಿನಲ್ಲಿ ಅರ್ಧ ಮಿ.ಮೀ. ಹೆಚ್ಚಿದ್ದರೆ ನಾಲ್ಕೂ ಅಷ್ಟೇ ಹೆಚ್ಚಿರುತ್ತವೆ, ಚೌಕಟ್ಟು ಚೌಕವಾಗಿಯೇ ಇರುತ್ತದೆ.

ಸಲಕರಣೆ ಕೊಳ್ಳಲು ಹೊರಟರೆ ಕಾಲಿಂಚು ಮತ್ತು ಮುಕ್ಕಾಲಿಂಚಿನ ಎರಡು ಉಳಿ, ಸಣ್ಣ ಹಲ್ಲಿನ ಒಂದು ಗರಗಸ, ಮೂಲೆಮಟ್ಟ, ಗೀಟು ಗೇಜ್, ತೆಳುವಾದ ಚೂರಿ, ಒಂದು ಕೊಡತಿ. ಇಷ್ಟರಲ್ಲಿ ಮೇಲೆ ಹೇಳಿದ ಹೆಚ್ಚಿನದನ್ನು ಮಾಡಬಹುದು. ಉಳಿದದ್ದು ಬೇಕೆನಿಸಿದಾಗ ತಂದರಾಯಿತು. ಪ್ಯಾಲೆಟ್ ಮರದಲ್ಲಿ ಕಚ್ಚು ಬಿಗಿಯಾಗಿ ಕೂರುವವರೆಗೆ ಕಚ್ಚನ್ನೇ ಮಾಡಿ, ಆಮೇಲೆ ನಾಲಗೆ-ತೂತು, ಕೊನೆಗೆ ಡವ್‌ಟೇಲ್. ಕೊಯ್ದ ಮರವನ್ನು ಅವತ್ತೇ ಕೂಡಿಸಿಬಿಡಬೇಕು. ಗುರುವಾರ ರಾತ್ರಿ ಬಾಲ್ಕನಿಯಲ್ಲಿ ಕೊಯ್ದದ್ದನ್ನು ಏಸಿ ರೂಮಿನಲ್ಲಿಟ್ಟು ಮುಂದಿನ ವಾರ ಕೂಡಿಸಲು ಕೂತರೆ ಬಿಗಿಯಾಗಿದ್ದದ್ದು ಸಡಿಲವಾಗಿರುತ್ತದೆ.

ಆಫೀಸಿನಲ್ಲಿ ನನ್ನ ಕೆಲಸ ಈಗಲೂ ಅಂಕಿಗಳದ್ದೇ. ಆದರೆ ಮರದ ಬಾಗಿಲುಗಳ ಪುಟ ಬಂದಾಗ ಬಾಗಿಲಿನ ಅಗಲ ಎತ್ತರಗಳ ಜೊತೆಗೆ ಬಾಗಿಲಿಗೂ ಚೌಕಟ್ಟಿಗೂ ನಡುವೆ ಎಷ್ಟು ಸಂದು ಬಿಟ್ಟಿದ್ದಾರೆಂದು ನೋಡದೆ ಮುಂದೆ ಹೋಗುವುದಿಲ್ಲ. ಚೆಂದ ಕಾಣಲಿ ಎಂದು ಅದನ್ನು ಒಂದು ಮಿ.ಮೀ.ಗೆ ಇಳಿಸಿದವರಿಗೆ ಮೂರು ಮಾಡಿ ಎಂದು ಬರೆದು ಕಳಿಸುತ್ತೇನೆ. ಫೆಬ್ರವರಿಯಲ್ಲಿ ಅವರು ವಾದ ಮಾಡುತ್ತಾರೆ; ಸೆಪ್ಟೆಂಬರಿನಲ್ಲಿ ಬಾಗಿಲು ಎಳೆದು ನೋಡಿದ ಮೇಲೆ ಯಾರೂ ಮಾಡುವುದಿಲ್ಲ.